ಗೋಲಿನ ಮುಂದೆ ನಿಂತವರ ಲೆಕ್ಕ

ಹಾಕಿ ತಂಡ ಗೆದ್ದ ಮರುದಿನ ಪತ್ರಿಕೆಯಲ್ಲಿ ಅಚ್ಚಾಗುವ ಚಿತ್ರ ಗೋಲು ಹೊಡೆದವನದು. ಸೋತ ಮರುದಿನ ಅಚ್ಚಾಗುವುದು ಗೋಲ್‌ಕೀಪರನದು. ಆತ ನೆಲದ ಮೇಲೆ ಬಿದ್ದಿರುತ್ತಾನೆ, ಚೆಂಡು ಬಲೆಯೊಳಗೆ ಇರುತ್ತದೆ. ಹತ್ತು ಸಲ ತಡೆದದ್ದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ; ಬಿಟ್ಟ ಒಂದು ಮಾತ್ರ ಉಳಿಯುತ್ತದೆ. ನಮ್ಮ ವೇಮಗಲ್ ಕಡೆಯ ಮೈದಾನಗಳಲ್ಲಿ ಹುಡುಗರು ಫುಟ್‌ಬಾಲಿಗೋ ಹಾಕಿಗೋ ತಂಡ ಕಟ್ಟುವುದನ್ನು ಗಮನಿಸಿ. ಓಡಲಾರದವನು, ಇಲ್ಲವೇ ಎಲ್ಲರಿಗಿಂತ ಚಿಕ್ಕವನು ಗೋಲಿಗೆ ಹೋಗಬೇಕು. ಅದೊಂದು ಶಿಕ್ಷೆಯೆಂಬಂತೆ ಆತ ಮುಖ ಊದಿಸಿಕೊಂಡು ಹೋಗಿ ನಿಲ್ಲುತ್ತಾನೆ.

ಇಂಥ ಜಾಗಕ್ಕೆ ಭಾರತದಲ್ಲಿ ಅಪರೂಪದ ಗೌರವ ಸಿಕ್ಕಿದ್ದು 2024ರಲ್ಲಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಗಸ್ಟ್ 8ರಂದು ಸ್ಪೇನನ್ನು 2-1ರಿಂದ ಸೋಲಿಸಿ ಕಂಚು ಗೆದ್ದು ಪಿ.ಆರ್. ಶ್ರೀಜೇಶ್ ನಿವೃತ್ತರಾದರು. ಅವರು ತೊಡುತ್ತಿದ್ದ 16ನೇ ನಂಬರಿನ ಅಂಗಿಯನ್ನು ಹಿರಿಯರ ತಂಡದಲ್ಲಿ ಇನ್ನು ಯಾರಿಗೂ ಕೊಡುವುದಿಲ್ಲವೆಂದು ಹಾಕಿ ಇಂಡಿಯಾ ಸಾರಿತು. ಅಂದಿನಿಂದ ತರಗತಿಯಲ್ಲಿ ಒಂದು ಪ್ರಶ್ನೆ ಆಗಾಗ ಬರುತ್ತದೆ: "ಸಾರ್, ಇಂಡಿಯಾದ ಬೆಸ್ಟ್ ಗೋಲಿ ಶ್ರೀಜೇಶೇ ತಾನೆ?"

ಉತ್ತರ ಹೇಳುವ ಮೊದಲು ಅಳತೆಗೋಲು ಸರಿಯಿದೆಯೇ ಎಂದು ನೋಡುವುದು ವಿಜ್ಞಾನದ ಮೇಷ್ಟರ ಚಾಳಿ. ಹೋಲಿಕೆಗೆ ಬೇಕಾದ ಹೆಸರುಗಳೇನೋ ನಮಗೆ ದೂರದವಲ್ಲ. ಶಂಕರ್ ಲಕ್ಷ್ಮಣ್ ಮರಾಠಾ ಲಘು ಪದಾತಿ ದಳದವರು. ಆ ದಳದ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿ. ಕಣ್ಣೂರಿನ ಮ್ಯಾನುಯೆಲ್ ಫ್ರೆಡರಿಕ್ ಸೈನ್ಯದ ಸರ್ವಿಸ್ ಕೋರ್ ಸೇರಿ ಬೆಂಗಳೂರಿನವರೇ ಆದರು. ಅಂಜಪರವಂಡ ಸುಬ್ಬಯ್ಯ ಕೊಡಗಿನವರು. ಆಶಿಶ್ ಬಲ್ಲಾಳ್ ಬೆಂಗಳೂರನ್ನು ನೆಲೆ ಮಾಡಿಕೊಂಡವರು. ಕೇರಳದ ಶ್ರೀಜೇಶ್ ಕೂಡ ವರ್ಷಗಟ್ಟಲೆ ಬೆವರು ಸುರಿಸಿದ್ದು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಶಿಬಿರದಲ್ಲಿ.

ಮೂರು ಫೈನಲ್, ಒಂದೇ ಗೋಲು

ಲಕ್ಷ್ಮಣ್ ಹುಟ್ಟಿದ್ದು 1933ರಲ್ಲಿ, ಮಧ್ಯಪ್ರದೇಶದ ಮ್ಹೌ ದಂಡುಪ್ರದೇಶದಲ್ಲಿ. ಎಳೆಯ ವಯಸ್ಸಿನಲ್ಲೇ ಸೈನ್ಯದ ವಾದ್ಯಮೇಳಕ್ಕೆ ಸೇರಿದ ಹುಡುಗ, ಮೊದಲು ಆಡುತ್ತಿದ್ದದ್ದು ಫುಟ್‌ಬಾಲ್. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ 38 ಗೋಲು ಹೊಡೆಯಿತು, ಒಂದನ್ನೂ ಬಿಟ್ಟುಕೊಡಲಿಲ್ಲ. ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ 1-0. ನಾಲ್ಕು ವರ್ಷದ ನಂತರ ರೋಮ್‌ನಲ್ಲಿ ಅದೇ ಪಾಕಿಸ್ತಾನ ನಮ್ಮನ್ನು 1-0ರಿಂದ ಸೋಲಿಸಿತು. 1964ರಲ್ಲಿ ಟೋಕಿಯೊದಲ್ಲಿ ಮತ್ತೆ ಅವರೇ ಎದುರಾಳಿ, ಮತ್ತೆ 1-0, ಈ ಸಲ ಗೆಲುವು ನಮ್ಮದು. ಅಂದರೆ ಮೂರು ಒಲಿಂಪಿಕ್ ಫೈನಲ್‌ಗಳಲ್ಲಿ ಲಕ್ಷ್ಮಣ್ ಅವರನ್ನು ದಾಟಿ ಹೋದ ಚೆಂಡು ಒಂದೇ ಒಂದು. ಅದೂ ಆ ಕಾಲದ ಜಗತ್ತಿನ ಅತಿ ಬಲಿಷ್ಠ ಮುನ್ಪಡೆಯ ಎದುರು. 1966ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಅವರೇ ನಾಯಕರು. ಗೋಲ್‌ಕೀಪರ್ ಭಾರತ ತಂಡದ ನಾಯಕನಾಗುವುದು ಆಗ ಕಂಡುಕೇಳದ ಮಾತು. ಅಲ್ಲೂ ಫೈನಲ್‌ನಲ್ಲಿ ಪಾಕಿಸ್ತಾನವನ್ನು 1-0ರಿಂದ ಸೋಲಿಸಿ ಚಿನ್ನ ತಂದರು.

ಈ ಅಂಕಿಗಳನ್ನು ಶ್ರೀಜೇಶ್ ಅವರ ಅಂಕಿಗಳ ಪಕ್ಕ ಇಟ್ಟರೆ ಏನಾಗುತ್ತದೆ? ಶ್ರೀಜೇಶ್ ಆಡಿದ್ದು 336 ಅಂತರರಾಷ್ಟ್ರೀಯ ಪಂದ್ಯ. ಲಕ್ಷ್ಮಣ್ ಕಾಲದಲ್ಲಿ ಅಷ್ಟು ಪಂದ್ಯಗಳೇ ನಡೆಯುತ್ತಿರಲಿಲ್ಲ. ಶ್ರೀಜೇಶ್ ಪದಕಗಳು ಕಂಚಿನವು, ಲಕ್ಷ್ಮಣ್ ಅವರವು ಎರಡು ಚಿನ್ನ, ಒಂದು ಬೆಳ್ಳಿ. ಇಷ್ಟಕ್ಕೇ ತೀರ್ಪು ಕೊಟ್ಟುಬಿಟ್ಟರೆ ಅದು ಅಜ್ಜನ ಕಾಲದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೊಮ್ಮಗನ ಅಂಕಪಟ್ಟಿಯ ಪಕ್ಕ ಇಟ್ಟಂತೆ. ಹಿಂದೆ ಫಸ್ಟ್ ಕ್ಲಾಸ್ ಬಂದವನನ್ನು ನೋಡಲು ಪಕ್ಕದ ಬೀದಿಯವರು ಬರುತ್ತಿದ್ದರು. ಇಂದು ಶೇಕಡ 90 ಬಂದ ಮಗು ಮೂಲೆಯಲ್ಲಿ ಅಳುತ್ತ ಕೂರುತ್ತದೆ. ಪ್ರಶ್ನೆಪತ್ರಿಕೆ ಬೇರೆ, ತಿದ್ದುವ ಕ್ರಮ ಬೇರೆ.

ಹಾಕಿಯಲ್ಲೂ ಪ್ರಶ್ನೆಪತ್ರಿಕೆ ಬದಲಾಗಿದೆ. ಲಕ್ಷ್ಮಣ್ ಆಡಿದ್ದು ಹುಲ್ಲಿನ ಮೇಲೆ. ಹುಲ್ಲಿನಲ್ಲಿ ಚೆಂಡು ಎಲ್ಲಿ ಪುಟಿಯುತ್ತದೆ, ಎಲ್ಲಿ ತಿರುಗುತ್ತದೆ ಎಂದು ಹೇಳಲಾಗದು. ಒಲಿಂಪಿಕ್ಸ್‌ಗೆ ಕೃತಕ ಹಾಸು ಬಂದದ್ದು 1976ರ ಮಾಂಟ್ರಿಯಲ್‌ನಲ್ಲಿ. ಅದರ ಮೇಲೆ ಚೆಂಡು ನೇರವಾಗಿ ಓಡುತ್ತದೆ, ಆದರೆ ಬಲು ವೇಗವಾಗಿ ಓಡುತ್ತದೆ. ಅಂದಿನ ಕಾಲುಪಟ್ಟಿ ಹತ್ತಿ ತುಂಬಿದ್ದು, ಕ್ರಿಕೆಟ್ ಪ್ಯಾಡಿನ ದಾಯಾದಿ. ತಲೆಗೆ ಹೆಲ್ಮೆಟ್ ಇಲ್ಲ. ಹತ್ತಿಯ ಪ್ಯಾಡಿಗೆ ಬಡಿದ ಚೆಂಡು ಶಕ್ತಿ ಕಳೆದುಕೊಂಡು ಅಲ್ಲೇ ಬೀಳುತ್ತಿತ್ತು. ಕೂಡಲೇ ಕಾಲಿನಿಂದ ಒದ್ದು ದೂರ ಕಳಿಸಬೇಕು, ಇಲ್ಲದಿದ್ದರೆ ಎದುರಾಳಿಯ ಕೋಲು ಸಿದ್ಧವಾಗಿರುತ್ತದೆ. ಇಂದಿನ ದಪ್ಪ ಫೋಮ್ ಪ್ಯಾಡು ಸ್ಪ್ರಿಂಗಿನಂತೆ ಚೆಂಡನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಹಿಂದೆ ಎರಡು ಕೆಲಸವಿದ್ದಲ್ಲಿ ಈಗ ಅನೇಕ ಸಲ ಒಂದೇ. ಹಾಗೆಂದು ಇಂದಿನವರದು ಸುಲಭವೇ? ಅದನ್ನು ಒಂದು ಸ್ಕೇಲಿನಿಂದ ಪರೀಕ್ಷಿಸಬಹುದು.

ಸ್ಕೇಲು ಬಿಟ್ಟು ನೋಡಿ

ಮನೆಯಲ್ಲೇ ಮಾಡಬಹುದಾದ ಪ್ರಯೋಗ ಇದು. 30 ಸೆಂಟಿಮೀಟರಿನ ಸ್ಕೇಲನ್ನು ಒಬ್ಬರು ನೇರವಾಗಿ ಮೇಲಿನಿಂದ ಹಿಡಿಯಲಿ. ಇನ್ನೊಬ್ಬರು ಅದರ ಸೊನ್ನೆ ಗುರುತಿನ ಬಳಿ ಹೆಬ್ಬೆರಳು, ತೋರುಬೆರಳನ್ನು ಅಗಲಿಸಿ ಕಾಯಲಿ. ಮೊದಲಿನವರು ಹೇಳದೆ ಕೇಳದೆ ಸ್ಕೇಲನ್ನು ಬಿಟ್ಟುಬಿಡಬೇಕು. ನೀವು ಹಿಡಿಯುವಷ್ಟರಲ್ಲಿ ಅದು 15ರಿಂದ 20 ಸೆಂಟಿಮೀಟರ್ ಜಾರಿರುತ್ತದೆ. ಬೀಳುವ ವಸ್ತುವಿನ ಸೂತ್ರ ಹಚ್ಚಿದರೆ 15 ಸೆಂಟಿಮೀಟರಿಗೆ 0.175 ಸೆಕೆಂಡು, 20ಕ್ಕೆ 0.2 ಸೆಕೆಂಡು. ಕಣ್ಣು ಕಂಡದ್ದು ಮಿದುಳಿಗೆ ಮುಟ್ಟಿ, ಅಲ್ಲಿಂದ ಬೆರಳಿಗೆ ಅಪ್ಪಣೆ ಬರಲು ತಗಲುವ ಕಾಲ ಇದು. ತರಬೇತಿಯಿಂದ ಇದನ್ನು ತುಸು ಇಳಿಸಬಹುದು, ಅಳಿಸಲಾಗದು.

ಈಗ ಹಾಕಿಯ ಪೆನಾಲ್ಟಿ ಸ್ಟ್ರೋಕಿಗೆ ಬನ್ನಿ. ಚೆಂಡು ಇರುವುದು ಗೋಲಿನಿಂದ 6.40 ಮೀಟರ್ ದೂರದಲ್ಲಿ. ಗಂಟೆಗೆ 90 ಕಿಲೋಮೀಟರ್ ವೇಗವೆಂದು ಇಟ್ಟುಕೊಂಡರೆ ಸೆಕೆಂಡಿಗೆ 25 ಮೀಟರ್; ಚೆಂಡು ಗೆರೆ ಮುಟ್ಟಲು 0.256 ಸೆಕೆಂಡು ಸಾಕು. ಅದರಲ್ಲಿ 0.2 ಸೆಕೆಂಡು ಬರೀ ತಿಳಿಯುವುದಕ್ಕೇ ಹೋಯಿತು. ಉಳಿದ ಅರೆಗಳಿಗೆಯಲ್ಲಿ ಪ್ಯಾಡು ಕಟ್ಟಿದ ಮೈಯನ್ನು ಎತ್ತ ಎಸೆಯಲು ಸಾಧ್ಯ? ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ಹೊಡೆಯುವವನು ಚೆಂಡನ್ನು ಆಡುವ ತನಕ ಕೀಪರ್ ಗೆರೆಯ ಮೇಲೆ ಪಾದ ಕದಲಿಸುವಂತಿಲ್ಲ. ಆದ್ದರಿಂದ ಚೆಂಡನ್ನು ನೋಡಿ ತಡೆಯುತ್ತಾನೆ ಎನ್ನುವುದು ಪೂರ್ತಿ ಸರಿಯಲ್ಲ. ಚೆಂಡು ಹೊರಡುವ ಮೊದಲೇ ಎದುರಾಳಿಯ ಭುಜ, ಮುಂಗೈ, ಮುಂದಿಟ್ಟ ಪಾದ ಇವುಗಳನ್ನು ಓದಿ ತೀರ್ಮಾನಿಸಿರುತ್ತಾನೆ. ಬಸ್ಸಿನ ಬೋರ್ಡು ಓದುವ ಮೊದಲೇ ಹಾರನ್ ಕೇಳಿ ಇದು ನಮ್ಮೂರ ಬಸ್ಸೆಂದು ಅರಿಯುವುದಿಲ್ಲವೇ, ಹಾಗೆ.

ಪೆನಾಲ್ಟಿ ಕಾರ್ನರ್ ಕತೆ ಇನ್ನೊಂದು. ನೇರ ಹೊಡೆತದ ಮೊದಲ ಚೆಂಡು 460 ಮಿಲಿಮೀಟರಿಗಿಂತ ಮೇಲೆ ಹೋದರೆ ಗೋಲಿಲ್ಲ. ಆದರೆ ಕೋಲಿನಲ್ಲಿ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಆ ಮಿತಿ ಇಲ್ಲ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ, 14.63 ಮೀಟರಿನ ವೃತ್ತದಂಚಿನಿಂದ ಹೊರಟರೂ 0.44 ಸೆಕೆಂಡಿನಲ್ಲಿ ಚೆಂಡು ಮುಖದ ಎತ್ತರಕ್ಕೆ ಬರುತ್ತದೆ. 2021ರ ಆಗಸ್ಟ್ 5ರಂದು ಟೋಕಿಯೊದಲ್ಲಿ ಜರ್ಮನಿಯ ವಿರುದ್ಧ ಭಾರತ 5-4ರಿಂದ ಮುಂದಿತ್ತು. ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಶ್ರೀಜೇಶ್ ತಡೆದರು. ಭಾರತಕ್ಕೆ ಹಾಕಿಯಲ್ಲಿ 41 ವರ್ಷದ ನಂತರ ಒಲಿಂಪಿಕ್ ಪದಕ ಬಂತು. ಲಕ್ಷ್ಮಣ್ ಎದುರಿಸದ ಪ್ರಶ್ನೆಪತ್ರಿಕೆ ಇದು.

ಬ್ಯಾಂಕಾಕ್‌ನಿಂದ ಬ್ಯಾಂಕಾಕ್‌ಗೆ

ಪಂದ್ಯ ಸಮವಾದಾಗ ಇಡೀ ತಂಡದ ಭಾರ ಒಬ್ಬನ ಮೇಲೆ ಬೀಳುತ್ತದೆ. ಫ್ರೆಡರಿಕ್‌ಗೆ ಅದು 1973ರಲ್ಲಿ ಬಂತು. ಹಿಂದಿನ ವರ್ಷ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಹಾಲೆಂಡನ್ನು 2-1ರಿಂದ ಸೋಲಿಸಿ ಕಂಚು ಪಡೆದಿದ್ದ ಭಾರತ, ಆಮ್‌ಸ್ಟೆಲ್‌ವೀನ್‌ನ ವಿಶ್ವಕಪ್ ಫೈನಲ್‌ನಲ್ಲಿ ಅದೇ ಹಾಲೆಂಡ್ ಜೊತೆ 2-2 ಸಮವಾಗಿ, ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಸೋತಿತು. ಕೇರಳದ ಮೊದಲ ಒಲಿಂಪಿಕ್ ಪದಕ ವಿಜೇತರಾದ ಈ ಧೈರ್ಯಶಾಲಿಗೆ ಧ್ಯಾನ್‌ಚಂದ್ ಪ್ರಶಸ್ತಿ ಸಿಕ್ಕಿದ್ದು 2019ರಲ್ಲಿ, ಮ್ಯೂನಿಕ್ ಪದಕದ 47 ವರ್ಷಗಳ ನಂತರ. 2025ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ಬಲ್ಲಾಳ್ ಅವರ ದಿನ ಬಂದದ್ದು 1998ರ ಡಿಸೆಂಬರ್‌ನಲ್ಲಿ, ಬ್ಯಾಂಕಾಕ್‌ನಲ್ಲಿ. ಲಕ್ಷ್ಮಣ್ ತಂಡ ಅದೇ ಊರಿನಲ್ಲಿ ಗೆದ್ದ ಮೇಲೆ 32 ವರ್ಷ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಹಾಕಿ ಚಿನ್ನ ಸಿಕ್ಕಿರಲಿಲ್ಲ. ದಕ್ಷಿಣ ಕೊರಿಯದ ವಿರುದ್ಧ ಫೈನಲ್ 1-1ರಲ್ಲಿ ನಿಂತಿತು. ಟೈಬ್ರೇಕರ್‌ನಲ್ಲಿ ಬಲ್ಲಾಳ್ ಎರಡು ಸ್ಟ್ರೋಕ್ ತಡೆದರು. ಭಾರತ 4-2ರಿಂದ ಗೆದ್ದಿತು. ಸ್ಕೇಲಿನ ಲೆಕ್ಕ ಮತ್ತೊಮ್ಮೆ ನೋಡಿದರೆ ಎರಡು ತಡೆಯುವುದು ಎಂದರೇನೆಂದು ತಿಳಿಯುತ್ತದೆ. ಆಮೇಲೆ ನಡೆದದ್ದನ್ನು ಈಗ ನೆನೆದರೂ ಬೇಸರವಾಗುತ್ತದೆ. ಚಿನ್ನ ತಂದ ನಾಯಕ ಧನರಾಜ್ ಪಿಳ್ಳೆ, ಗೋಲ್‌ಕೀಪರ್ ಬಲ್ಲಾಳ್ ಸೇರಿದಂತೆ ಹಲವು ಹಿರಿಯರನ್ನು ವಿಶ್ರಾಂತಿಯ ಹೆಸರಿನಲ್ಲಿ ತಂಡದಿಂದ ಹೊರಗಿಡಲಾಯಿತು. ಕೇಳದೆ ಕೊಟ್ಟ ವಿಶ್ರಾಂತಿ!

ಅದೇ 1998ರ ಫೆಬ್ರವರಿಯಲ್ಲಿ ಇನ್ನೊಬ್ಬ ಗೋಲ್‌ಕೀಪರ್ ಇಂಥದೇ ಕೆಲಸ ಮಾಡಿದ್ದ. ಆಟ ಐಸ್ ಹಾಕಿ, ನಮ್ಮಲ್ಲಿ ಲಡಾಖ್‌ನ ಮಕ್ಕಳು ಚಳಿಗಾಲದಲ್ಲಿ ಆಡುವ ಆಟ. ಊರು ಜಪಾನಿನ ನಾಗಾನೊ. ಜೆಕ್ ದೇಶದ ಡೊಮಿನಿಕ್ ಹಾಶೆಕ್ ಒಲಿಂಪಿಕ್ ಸೆಮಿಫೈನಲ್‌ನಲ್ಲಿ ಕೆನಡಾದ ಐವರು ಆಟಗಾರರ ಐದೂ ಪೆನಾಲ್ಟಿಗಳನ್ನು ತಡೆದ. ಫೈನಲ್‌ನಲ್ಲಿ ರಷ್ಯಾಕ್ಕೆ ಒಂದು ಗೋಲೂ ಕೊಡಲಿಲ್ಲ. ಊರಿಗೆ ಮರಳಿದಾಗ ಪ್ರಾಗ್‌ನ ಚೌಕದಲ್ಲಿ ಜನಸಾಗರ. ಆ ಗೆಲುವಿನ ಮೇಲೆ ಮುಂದೆ ಒಂದು ಸಂಗೀತ ನಾಟಕವನ್ನೇ ಅಲ್ಲಿನ ರಾಷ್ಟ್ರೀಯ ರಂಗಮಂದಿರದಲ್ಲಿ ಆಡಿದರು. 8217ನೇ ಸಂಖ್ಯೆಯ ಕ್ಷುದ್ರಗ್ರಹಕ್ಕೆ ಆತನ ಹೆಸರಿದೆ. ಒಂದೇ ವರ್ಷ, ಒಂದೇ ಬಗೆಯ ಸಾಹಸ; ಒಬ್ಬನ ಹೆಸರು ಆಕಾಶಕ್ಕೇರಿತು, ಇನ್ನೊಬ್ಬರ ಹೆಸರು ತಂಡದ ಪಟ್ಟಿಯಿಂದ ಇಳಿಯಿತು.

ಇನ್ನು ಶ್ರೀಜೇಶ್. 2014ರ ಇಂಚಾನ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ 1-1, ಆಮೇಲೆ 4-2. ಪ್ಯಾರಿಸ್ ಕ್ವಾರ್ಟರ್ ಫೈನಲ್‌ನಲ್ಲಿ ಬ್ರಿಟನ್ ವಿರುದ್ಧ, 17ನೇ ನಿಮಿಷದಿಂದ ಹತ್ತೇ ಜನ ಆಡಿಯೂ 1-1, ಮತ್ತೆ 4-2. ಬಲ್ಲಾಳ್ ಅವರ ಬ್ಯಾಂಕಾಕ್ ಅಂಕಿಯೇ ಅಲ್ಲವೇ ಎನ್ನಬಹುದು. ಆದರೆ ಅಷ್ಟರಲ್ಲಿ ನಿಯಮ ಬದಲಾಗಿತ್ತು. ಸ್ಟ್ರೋಕಿನ ಬದಲು ಈಗ ಶೂಟ್‌ಔಟ್: ಆಟಗಾರ 23 ಮೀಟರ್ ಗೆರೆಯಿಂದ ಚೆಂಡನ್ನು ತಳ್ಳಿಕೊಂಡು ಬಂದು 8 ಸೆಕೆಂಡಿನೊಳಗೆ ಗೋಲು ಹೊಡೆಯಬೇಕು. ಕೀಪರ್ ಗೆರೆಗೆ ಕಟ್ಟುಬಿದ್ದಿಲ್ಲ. ಮುಂದೆ ಓಡಬಹುದು, ಕೋನ ಕಿರಿದು ಮಾಡಬಹುದು, ಕಾಲ ಕಳೆಯಬಹುದು. ಬಲ್ಲಾಳ್‌ಗೆ ಬೇಕಿದ್ದದ್ದು ಕಾಲು ಸೆಕೆಂಡಿನ ಓದು. ಶ್ರೀಜೇಶ್‌ಗೆ ಬೇಕಿದ್ದದ್ದು ಎಂಟು ಸೆಕೆಂಡಿನ ತಾಳ್ಮೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸೇರಿನಿಂದ ಗಜ ಅಳೆದಂತೆ.

ಕೆನಡಾದವರ ಜಗಳ

ಗೋಲ್‌ಕೀಪರ್‌ಗಳನ್ನು ಹೋಲಿಸುವ ಚಟ ಮಿತಿಮೀರಿರುವುದು ಉತ್ತರ ಅಮೆರಿಕದ ಐಸ್ ಹಾಕಿ ಪ್ರಿಯರಲ್ಲಿ. ಅಲ್ಲಿ ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆ. ತೂಕ ಸುಮಾರು 170 ಗ್ರಾಂ, ಹೆಚ್ಚುಕಡಿಮೆ ನಮ್ಮ ಹಾಕಿ ಚೆಂಡಿನಷ್ಟೇ. ಪುಟಿಯದಿರಲೆಂದು ಆಟಕ್ಕೆ ಮುನ್ನ ಹೆಪ್ಪುಗಟ್ಟಿಸುತ್ತಾರೆ. ಗಂಟೆಗೆ 160 ಕಿಲೋಮೀಟರ್ ವೇಗದಲ್ಲೂ ಬರುವುದುಂಟು.

ಅಂಕಿ ನೋಡಿದರೆ ಮಾರ್ಟಿನ್ ಬ್ರೋಡರ್ ಎಲ್ಲರಿಗಿಂತ ಮೇಲೆ: 691 ಗೆಲುವು, ಒಂದೂ ಗೋಲು ಬಿಡದ 125 ಪಂದ್ಯ. ಆತನಿಗಿಂತ ಹಿಂದೆ ದೀರ್ಘಕಾಲ ಈ ದಾಖಲೆ 103 ಪಂದ್ಯಗಳ ಟೆರಿ ಸಾವ್‌ಚಕ್ ಹೆಸರಿನಲ್ಲಿತ್ತು. ಆದರೆ ಸಾವ್‌ಚಕ್ ಕಾಲದಲ್ಲಿ ಪಂದ್ಯ ಸಮವಾದರೆ ಸಮವೇ. 2005ರ ನಂತರ ಶೂಟ್‌ಔಟ್ ಬಂದು ಪ್ರತಿ ಪಂದ್ಯಕ್ಕೂ ಒಬ್ಬ ವಿಜೇತ ಇರಲೇಬೇಕಾಯಿತು. ಬ್ರೋಡರ್ ಲೆಕ್ಕಕ್ಕೆ ಅಂಥ ಗೆಲುವುಗಳೂ ಸೇರಿವೆ. ಇನ್ನೊಂದು ಮಾತು, 1967ರವರೆಗೆ ಅಲ್ಲಿನ ಲೀಗಿನಲ್ಲಿ ಇದ್ದದ್ದು ಆರೇ ತಂಡ. ಆರು ಗೋಲ್‌ಕೀಪರ್‌ಗಳಿಗೆ ಮಾತ್ರ ಕೆಲಸ. ಗಾಯವಾಯಿತೆಂದು ಕೂತರೆ ಜಾಗ ಹೋಯಿತು. ಸಾವ್‌ಚಕ್ ಬಹುಕಾಲ ಮುಖಕ್ಕೆ ಏನೂ ಇಲ್ಲದೆ ಆಡಿದ. 1970ರಲ್ಲಿ, 40ನೇ ವಯಸ್ಸಿಗೆ ಸತ್ತ.

ಮುಖವಾಡ ಬಂದ ಕತೆ ಮಕ್ಕಳಿಗೆ ಹೇಳಬೇಕಾದದ್ದು. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಪಕ್ ಬಡಿದು ಜಾಕ್ ಪ್ಲಾಂಟ್ ಮುಖ ಒಡೆಯಿತು. ಹೊಲಿಗೆ ಹಾಕಿಸಿಕೊಂಡ ಆತ, ಫೈಬರ್‌ಗ್ಲಾಸ್ ಮುಖವಾಡ ಇಲ್ಲದೆ ಮತ್ತೆ ಮೈದಾನಕ್ಕೆ ಇಳಿಯುವುದಿಲ್ಲವೆಂದು ಪಟ್ಟು ಹಿಡಿದ. ಮುಖವಾಡವೆಂದರೆ ತರಬೇತುದಾರನಿಗೆ ಸುತರಾಂ ಇಷ್ಟವಿರಲಿಲ್ಲ. ಬದಲಿ ಕೀಪರ್ ಇಲ್ಲದ ಕಾಲ, ಒಪ್ಪದೆ ವಿಧಿಯಿರಲಿಲ್ಲ. ಪ್ಲಾಂಟ್ ತಂಡ ಆ ರಾತ್ರಿ 3-1ರಿಂದ ಗೆದ್ದಿತು. ಇಂದು ಮುಖವಾಡವಿಲ್ಲದ ಕೀಪರನ್ನು ಯಾವ ಮೈದಾನದಲ್ಲೂ ನಿಲ್ಲಿಸುವುದಿಲ್ಲ. ಆತನ ಎಲ್ಲ ಗೆಲುವುಗಳಿಗಿಂತ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.

ತಂದೆ ತಾಯಂದಿರಿಗೆ ಕೆನ್ ಡ್ರೈಡನ್ ಕತೆ ಇಷ್ಟವಾದೀತು. ಮಾಂಟ್ರಿಯಲ್ ತಂಡಕ್ಕೆ ಎಂಟು ಋತುಗಳಲ್ಲಿ ಆರು ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟ ಈತ, ನಡುವೆ ಒಂದು ವರ್ಷ ಆಟವನ್ನೇ ಬಿಟ್ಟು ವಕೀಲಿ ತರಬೇತಿ ಮುಗಿಸಿದ. 1979ರಲ್ಲಿ, ಬರೀ 31ನೇ ವಯಸ್ಸಿಗೆ ನಿವೃತ್ತನಾದ. ಮುಂದೆ ಲೇಖಕನಾದ, ಸಂಸತ್ ಸದಸ್ಯನಾದ, ಮಂತ್ರಿಯೂ ಆದ. 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಅಲ್ಲಿನ ಜನ ಆಟಗಾರನನ್ನು ನೆನೆದಷ್ಟೇ ಆ ಬರಹಗಾರನನ್ನೂ ನೆನೆದರು.

ಮುಂದಿನ ಹತ್ತು ಜನ

ಹೋಲಿಕೆಯಲ್ಲಿ ಸದಾ ಅನ್ಯಾಯವಾಗುವುದು ಸೋತ ತಂಡದ ಕೀಪರ್‌ಗೆ. ಕೋಲಾರದ ಎ.ಪಿ.ಎಂ.ಸಿ.ಯಲ್ಲಿ ಟೊಮೆಟೊ ಬಾಕ್ಸಿಗೆ ಆ ದಿನ ಬಿದ್ದ ರೇಟು ನೋಡಿ ಯಾರು ಒಳ್ಳೆಯ ರೈತ ಎಂದು ಯಾರಾದರೂ ಹೇಳುತ್ತಾರೆಯೇ? ಸುಬ್ಬಯ್ಯ 1992ರ ಬಾರ್ಸಿಲೋನಾ ಮತ್ತು 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗಳಿಗೆ ಹೋದವರು. ಭಾರತ ಒಂದರಲ್ಲಿ ಏಳನೆಯದು, ಇನ್ನೊಂದರಲ್ಲಿ ಎಂಟನೆಯದು. ಅರ್ಜುನ ಪ್ರಶಸ್ತಿ ಪಡೆದರೂ ಇಂದಿನ ಮಕ್ಕಳಿಗೆ ಅವರ ಹೆಸರು ಗೊತ್ತಿಲ್ಲ. ಕೊಡಗಿನಲ್ಲಿ ಮಾತ್ರ ಅಂಥ ಮರೆವು ಇಲ್ಲ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ 2024ರಲ್ಲಿ 360 ತಂಡಗಳು ಬಂದವು. ಅಷ್ಟು ತಂಡವೆಂದರೆ ಅಷ್ಟು ಗೋಲ್‌ಕೀಪರ್‌ಗಳು.

ಭರತ್ ಚೆಟ್ರಿಯವರದೂ ಇದೇ ಪಾಡು. ಕಾಲಿಂಪಾಂಗ್‌ನಿಂದ ಬೆಂಗಳೂರಿಗೆ ಬಂದು ಬೆಳೆದ ಅವರು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದರು. ಭಾರತ ಹನ್ನೆರಡನೆಯದು, ಅಂದರೆ ಕಟ್ಟಕಡೆಯದು. ಲಕ್ಷ್ಮಣ್ ಮುಂದೆ ನಿಂತಿದ್ದ ರಕ್ಷಣಾ ಆಟಗಾರರನ್ನು ಚೆಟ್ರಿಯ ಮುಂದೆ ನಿಲ್ಲಿಸಿದ್ದರೆ ಲೆಕ್ಕ ಏನಾಗುತ್ತಿತ್ತೋ!

ಹಾಗಾದರೆ ಮಕ್ಕಳ ಪ್ರಶ್ನೆಗೆ ಉತ್ತರ? ಗೋಲಿನ ಗೆರೆಯ ಮೇಲಿನ ಕೆಲಸವೊಂದನ್ನೇ ಕೇಳಿದರೆ ನನ್ನ ಮತ ಲಕ್ಷ್ಮಣ್ ಅವರಿಗೆ. ಮೂರು ಫೈನಲ್‌ಗೆ ಒಂದೇ ಗೋಲು ಎಂಬುದು ಯಾವ ಕಾಲದ ತಕ್ಕಡಿಯಲ್ಲೂ ತೂಗುತ್ತದೆ. ಆ ದಾಖಲೆಯ ಒಡೆಯ 1964ರಲ್ಲಿ ಅರ್ಜುನ, 1967ರಲ್ಲಿ ಪದ್ಮಶ್ರೀ ಪಡೆದು, ಕ್ಯಾಪ್ಟನ್ ಹುದ್ದೆಯವರೆಗೆ ಏರಿ ಸೈನ್ಯದಿಂದ ನಿವೃತ್ತರಾದರು. ಚೆಂಡು ತಡೆದ ಕಾಲಿಗೇ ಕೊನೆಗೆ ಗ್ಯಾಂಗ್ರೀನ್ ತಗುಲಿ, 2006ರ ಏಪ್ರಿಲ್‌ನಲ್ಲಿ ಮ್ಹೌನಲ್ಲಿ ನಿಧನರಾದರು. ದೇಶಕ್ಕೆ ಅವರ ನೆನಪಾದದ್ದು ಹೆಚ್ಚಾಗಿ ಆಗಲೇ.

ಬಿಟ್ಟುಹೋದದ್ದನ್ನು ಕೇಳಿದರೆ ಉತ್ತರ ಬೇರೆ. ಬಲ್ಲಾಳ್ ಕಹಿ ಮರೆತು ಬೆಂಗಳೂರಿನಲ್ಲಿ ಅಕಾಡೆಮಿ ಕಟ್ಟಿ ಪುಟ್ಟ ಮಕ್ಕಳ ಕೈಗೆ ಹಾಕಿ ಕೋಲು ಕೊಟ್ಟರು. ಶ್ರೀಜೇಶ್ ಹಾಕಿಗೆ ಬಂದದ್ದು ಬೋರ್ಡ್ ಪರೀಕ್ಷೆಯ ಗ್ರೇಸ್ ಮಾರ್ಕ್ಸ್ ಆಸೆಗೆ, ಗೋಲಿಗೆ ನಿಂತದ್ದು ಹೆಚ್ಚು ಓಡಬೇಕಿಲ್ಲವೆಂದು. ಇದನ್ನು ಅವರೇ ನಗುತ್ತ ಹೇಳಿಕೊಂಡಿದ್ದಾರೆ. ಆದರೆ ಮಗನಿಗೆ ಪ್ಯಾಡು ಬೇಕೆಂದಾಗ ರೈತನಾದ ತಂದೆ ಹಸು ಮಾರಿದರು. ಹಸು ಮಾರುವುದೆಂದರೆ ದಿನದ ಡೇರಿ ಹಾಲಿನ ದುಡ್ಡು ನಿಂತಂತೆ, ಅದರ ಅರ್ಥ ನಮ್ಮ ಜಿಲ್ಲೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ನಿವೃತ್ತಿಯಾದ ಕೂಡಲೇ ಶ್ರೀಜೇಶ್ ಕಿರಿಯರ ತಂಡದ ತರಬೇತುದಾರರಾದರು. ಆ ತಂಡ 2024ರ ಡಿಸೆಂಬರ್‌ನಲ್ಲಿ ಮಸ್ಕತ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಕಿರಿಯರ ಏಷ್ಯಾ ಕಪ್ ಗೆದ್ದಿತು. 2025ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ನಡೆದ ಕಿರಿಯರ ವಿಶ್ವಕಪ್‌ನಲ್ಲಿ ಕಂಚು ಪಡೆಯಿತು. ಅಲ್ಲಿನ ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂ ವಿರುದ್ಧ ಪಂದ್ಯ 2-2 ಸಮವಾಗಿ ಶೂಟ್‌ಔಟ್‌ಗೆ ಹೋದಾಗ ಭಾರತವನ್ನು ಗೆಲ್ಲಿಸಿದ್ದು ಗೋಲ್‌ಕೀಪರ್, ಪ್ರಿನ್ಸ್‌ದೀಪ್ ಸಿಂಗ್ ಎಂಬ ಹುಡುಗ.